ಚಂಡಮಾರುತ, ಪ್ರವಾಹ, ಅನಿಲ ಸೋರಿಕೆ: ಮನೆಯ ತುರ್ತು ಬ್ಯಾಗ್‌ನಲ್ಲಿ ಏನೇನಿರಬೇಕು? ಇಲ್ಲಿದೆ ಮಾಹಿತಿ

2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಗಾಳಿ ನಿಂತ ಮೇಲೂ ಜನರ ಕಷ್ಟ ನಿಲ್ಲಲಿಲ್ಲ. ನಗರದಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ, ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಿತು, ಎಟಿಎಂಗಳು ಕೆಲಸ ಮಾಡಲಿಲ್ಲ. ಹಾಲು, ನೀರು, ಪೆಟ್ರೋಲ್‌ಗಾಗಿ ಜನ ಸಾಲುಗಟ್ಟಿ ನಿಂತರು. ದ್ವಾರಕಾ ನಗರದಂತಹ ನಗರ ಮಧ್ಯದ ಬಡಾವಣೆಯಲ್ಲಿ ಕರೆಂಟ್ ಹೋದರೆ ಲಿಫ್ಟ್ ಮಾತ್ರವಲ್ಲ, ಪಂಪ್ ನಿಂತು ನಲ್ಲಿಯ ನೀರೂ ನಿಲ್ಲುತ್ತದೆ.

2020ರ ಮೇ 7ರಂದು ಅದೇ ನಗರದ ಆರ್.ಆರ್.ವೆಂಕಟಾಪುರಂನಲ್ಲಿ ಸ್ಟೈರೀನ್ ಅನಿಲ ಸೋರಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮಲಗಿದ್ದವರು ಎದ್ದು ಓಡಬೇಕಾಯಿತು. 2024ರ ಸೆಪ್ಟೆಂಬರ್ ಆರಂಭದಲ್ಲಿ ವಿಜಯವಾಡದ ಬುಡಮೇರು ಹಳ್ಳ ಉಕ್ಕಿ ಸಿಂಗ್ ನಗರ ಜಲಾವೃತವಾದಾಗ ಅನೇಕ ಕುಟುಂಬಗಳು ಮಹಡಿಗಳಲ್ಲಿ ಸಿಲುಕಿದವು. ಅವರಿಗೆ ದೋಣಿ, ಡ್ರೋನ್‌ಗಳಲ್ಲಿ ಆಹಾರ ತಲುಪಿಸಲಾಯಿತು.

ಈ ಮೂರೂ ಘಟನೆಗಳು ಹೇಳುವುದು ಒಂದೇ: ಅಪಾಯ ಎದುರಾದಾಗ ಹುಡುಕಾಡಲು ಸಮಯ ಇರುವುದಿಲ್ಲ. ಬ್ಯಾಗ್ ಮೊದಲೇ ಸಿದ್ಧವಿರಬೇಕು.

ಬ್ಯಾಗ್‌ನಲ್ಲಿ ಇರಬೇಕಾದವು

* ದಾಖಲೆ: ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ವಿಮಾ ಪಾಲಿಸಿ, ಆಸ್ತಿ ಪತ್ರ, ಅಂಕಪಟ್ಟಿಗಳ ಜೆರಾಕ್ಸ್ ಪ್ರತಿ. ನೀರು ಹೋಗದ ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಡಿಜಿಲಾಕರ್‌ನಲ್ಲೂ ಉಳಿಸಿಕೊಳ್ಳಿ. ಆದರೆ ನೆಟ್‌ವರ್ಕ್ ಇಲ್ಲದಾಗ ಕಾಗದದ ಪ್ರತಿಯೇ ಗತಿ.
* ಹಣ: 50, 100 ರೂಪಾಯಿಯ ನೋಟುಗಳು. ಯುಪಿಐ ನಡೆಯದಾಗ 500ರ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ.
* ಔಷಧ: ಬಿಪಿ, ಶುಗರ್ ಮಾತ್ರೆಗಳು ಒಂದು ವಾರಕ್ಕೆ ಆಗುವಷ್ಟು, ವೈದ್ಯರ ಚೀಟಿಯ ಪ್ರತಿ, ಓಆರ್‌ಎಸ್, ಬ್ಯಾಂಡೇಜ್. ಇನ್ಸುಲಿನ್ ಫ್ರಿಜ್‌ನಲ್ಲೇ ಇರಲಿ. ಹೊರಡುವಾಗ ಮರೆಯದಂತೆ ಬ್ಯಾಗ್ ಮೇಲೆ ಚೀಟಿ ಅಂಟಿಸಿ.
* ಆಹಾರ: ಅವಲಕ್ಕಿ, ಬಿಸ್ಕತ್ತು, ಕಡಲೆಕಾಯಿ, ಬೆಲ್ಲದಂತಹ ಬೇಯಿಸದೆ ತಿನ್ನಬಹುದಾದ ಪದಾರ್ಥಗಳು. ಮಗುವಿದ್ದರೆ ಹಾಲಿನ ಪುಡಿ, ಡಯಾಪರ್.
* ಇತರೆ: ಟಾರ್ಚ್, ಬ್ಯಾಟರಿ, ಚಾರ್ಜ್ ಮಾಡಿದ ಪವರ್ ಬ್ಯಾಂಕ್, ಸಣ್ಣ ರೇಡಿಯೊ, ಸೀಟಿ, ಸ್ಯಾನಿಟರಿ ಪ್ಯಾಡ್, ಒಂದು ಜೊತೆ ಬಟ್ಟೆ. ಮುಖ್ಯ ಫೋನ್ ನಂಬರ್‌ಗಳನ್ನು ಕಾಗದದಲ್ಲಿ ಬರೆದಿಡಿ.

ನೀರಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 3 ಲೀಟರ್‌ನಂತೆ ನಾಲ್ವರಿಗೆ ಮೂರು ದಿನಕ್ಕೆ 36 ಲೀಟರ್ ಬೇಕು. ಅಷ್ಟನ್ನು ಹೊತ್ತು ಓಡಲಾಗದು. ಆದ್ದರಿಂದ ಪ್ರತಿಯೊಬ್ಬರ ಪಾಲಿಗೆ ಒಂದೊಂದು ಬಾಟಲಿ ಬ್ಯಾಗ್‌ನಲ್ಲಿರಲಿ. ಚಂಡಮಾರುತದ ಮುನ್ಸೂಚನೆ ಬಂದ ಕೂಡಲೇ ಮನೆಯ ಕ್ಯಾನ್, ಬಿಂದಿಗೆಗಳನ್ನು ತುಂಬಿಸಿಕೊಳ್ಳಿ.

ಯಾವ ಅಪಾಯಕ್ಕೆ ಹೇಗೆ ಹೊರಡಬೇಕು?

ಪ್ರವಾಹದ ಎಚ್ಚರಿಕೆ ಬಂದರೆ ಮೇನ್ ಸ್ವಿಚ್ ಮತ್ತು ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಬ್ಯಾಗ್ ಹಿಡಿದು ಬೇಗ ಹೊರಡಿ. ನೀರು ಹರಿಯುತ್ತಿರುವ ರಸ್ತೆ ದಾಟಬೇಡಿ. ಕಾರ್ಖಾನೆಯಿಂದ ಅನಿಲ ಸೋರಿದರೆ ಬಾಯಿ, ಮೂಗಿಗೆ ಒದ್ದೆ ಬಟ್ಟೆ ಹಿಡಿದು, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ದೂರ ಸಾಗಿ. ಬ್ಯಾಗ್ ಕೈಗೆ ಸಿಗದಿದ್ದರೆ ಬಿಟ್ಟು ಹೊರಡಿ, ಜೀವಕ್ಕಿಂತ ದಾಖಲೆ ದೊಡ್ಡದಲ್ಲ.

ಮನೆಯವರು ಬೇರೆ ಬೇರೆಯಾದರೆ ಎಲ್ಲಿ ಸೇರಬೇಕು ಎಂಬುದನ್ನು ಮೊದಲೇ ನಿಗದಿ ಮಾಡಿ. ಬೇರೆ ಊರಿನ ಒಬ್ಬ ಸಂಬಂಧಿಕರ ನಂಬರ್ ಮಕ್ಕಳಿಗೂ ಬಾಯಿಪಾಠವಾಗಿರಲಿ. ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077ಕ್ಕೆ ಕರೆ ಮಾಡಬಹುದು.

ವರ್ಷಕ್ಕೆ ಎರಡು ಬಾರಿ ಪರಿಶೀಲಿಸಿ

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿಗೆ ಮುನ್ನ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹಾಗಾಗಿ ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಬ್ಯಾಗ್ ತೆರೆದು ಅವಧಿ ಮುಗಿದ ಮಾತ್ರೆ, ತಿಂಡಿ, ಬ್ಯಾಟರಿ ಬದಲಿಸಿ. ಕರಾವಳಿ, ಕೊಡಗು ಮತ್ತು ನದಿ ತೀರದ ಕನ್ನಡಿಗರಿಗೂ ಈ ಅಭ್ಯಾಸ ಒಳ್ಳೆಯದು. ಅವರು ಮುಂಗಾರು ಶುರುವಾಗುವ ಮೊದಲು ಮತ್ತೊಮ್ಮೆ ನೋಡಿಕೊಂಡರೆ ಸಾಕು.