ಸಿಕ್ಕು ಬಿಡಿಸುವ ದ್ರಾವಣ: ಮಗ್ಗದ ಬೀದಿಯಿಂದ ನಾಯಿಯ ಮೈಗೆ

ಉದ್ದ ಕೂದಲಿನ ನಾಯಿಯ ಮೈಯಲ್ಲಿ ಸಿಕ್ಕು ಮೊದಲು ಬೀಳುವುದು ತಿಕ್ಕಾಟ ಹೆಚ್ಚಿರುವ ಕಡೆ: ಕಿವಿಯ ಹಿಂದೆ, ಕೊರಳಪಟ್ಟಿಯ ಅಡಿಯಲ್ಲಿ, ಕಂಕುಳಲ್ಲಿ, ಹಿಂಗಾಲಿನ ಸಂದಿಯಲ್ಲಿ. ಉದುರಿದ ಒಳಗೂದಲು ಕೆಳಗೆ ಬೀಳದೆ ಹೊರಗೂದಲಿಗೆ ಸುತ್ತಿಕೊಂಡು ಗಂಟಾಗುತ್ತದೆ. ಅದಕ್ಕೆ ನೀರು ತಾಗಿ ಒಣಗಿದರೆ ಇನ್ನಷ್ಟು ಬಿಗಿದು ಜಡೆಗಟ್ಟುತ್ತದೆ. ಇಂಥ ಗಂಟನ್ನು ಎಳೆಯದೆ ಬಿಡಿಸಲು ಬಾಚುವ ಮುನ್ನ ಸಿಂಪಡಿಸುವ ದ್ರಾವಣ ಈಗ ಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆ. ಕನ್ನಡ ನಾಡಿನ ಮನೆಗಳಿಗೆ ಅದು ಬಂದದ್ದು ಬಹಳ ತಡವಾಗಿ. ಕಾರಣ ಸರಳ: ಇಲ್ಲಿನ ನಾಯಿಗಳಿಗೆ ಅದರ ಅಗತ್ಯವೇ ಇರಲಿಲ್ಲ.

ಹತ್ತನೆಯ ಶತಮಾನದ ಆತಕೂರು ಶಾಸನ ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಅದನ್ನು ಬೇಡಿ ಪಡೆದಿದ್ದ. ಹಂದಿಯೊಡನೆ ಸೆಣಸಿ ಎರಡೂ ಸತ್ತ ಪ್ರಸಂಗವನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ಕೆತ್ತಲಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ನಾಯಿಗಳ ವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟ. ಈ ಪರಂಪರೆ ಬಯಸಿದ್ದು ಓಟ, ಮೂಗು, ಎದೆಗಾರಿಕೆ. ಮುಳ್ಳುಕಂಟಿಯ ಬಯಲಲ್ಲಿ ಮೊಲದ ಬೆನ್ನು ಹತ್ತುವ ನಾಯಿಗೆ ಉದ್ದ ಕೂದಲು ತೊಡಕೇ ಹೊರತು ಅಂದವಲ್ಲ.

ಮುಧೋಳ ನಾಯಿಯ ಮೈಗೂದಲು ಚರ್ಮಕ್ಕೆ ಅಂಟಿಕೊಂಡಂತೆ ಗಿಡ್ಡ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟದ್ದು ಈ ತಳಿಯನ್ನೇ. ಅದರ ಬಳಗದಲ್ಲೇ ಪಶ್ಮಿ ಎಂಬ ಬಗೆಯೊಂದುಂಟು. ಅದರ ಕಿವಿ, ಬಾಲ, ಕಾಲುಗಳ ಮೇಲೆ ರೇಷ್ಮೆಯಂಥ ಉದ್ದ ಕೂದಲು ಇಳಿಬಿದ್ದಿರುತ್ತದೆ. ಸಿಕ್ಕಿನ ಪ್ರಶ್ನೆ ಬರುವುದು ಇದಕ್ಕೆ ಮಾತ್ರ, ಅದೂ ಮೈಯ ಅಂಚಿನಲ್ಲಿ. ಹಳ್ಳಿಯ ಉಳಿದ ನಾಯಿಗಳ ಮೈ ನೋಡಿಕೊಳ್ಳುವುದೆಂದರೆ ಹಳ್ಳದಲ್ಲಿ ಮೀಯಿಸುವುದು, ಉಣ್ಣಿ ಹೆಕ್ಕುವುದು, ಕಜ್ಜಿಯಾದರೆ ಹೊಂಗೆ ಎಣ್ಣೆ ಸವರುವುದು.

ಹಾಗೆಂದು ಎಳೆಯನ್ನು ಒದ್ದೆ ಮಾಡಿ, ಜಾರುವಂತೆ ಮಾಡಿ ಬಾಚುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಅದು ನಾಯಿಯ ಮೇಲಲ್ಲ, ನೂಲಿನ ಮೇಲೆ ನಡೆಯುತ್ತಿತ್ತು. ತುಂಗಭದ್ರೆಯ ಎಡದಂಡೆಯ ರಾಜೋಳಿ ಗದ್ವಾಲ ಸೀರೆ ನೇಯುವ ಊರು. ಈ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಕೈಮಗ್ಗದ ಊರುಗಳ ಹಳೆಯ ಪದ್ಧತಿಯಲ್ಲಿ ಹತ್ತಿಯ ಹಾಸುನೂಲನ್ನು ಬಿಸಿಲೇರುವ ಮುನ್ನ ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಬಳಿದು, ಇಬ್ಬರು ಎರಡು ಬದಿಯಲ್ಲಿ ನಿಂತು ಉದ್ದನೆಯ ಕುಂಚವನ್ನು ಒಂದೇ ದಿಕ್ಕಿಗೆ ಎಳೆಯುತ್ತ ಹೋಗುತ್ತಿದ್ದರು. ಗಂಜಿಗೆ ತುಸು ಎಣ್ಣೆ ಬೆರೆಸಿದರೆ ಎಳೆ ಒರಟಾಗದು. ನೂಲಿನ ಮೇಲೆದ್ದ ನಾರು ಮಲಗುತ್ತದೆ, ಪಕ್ಕದ ಎಳೆಗೆ ತೊಡರುವುದಿಲ್ಲ. ಕಂಬಳಿ ನೇಯುವ ಕುರುಬರು ಇದೇ ಕೆಲಸಕ್ಕೆ ಹುಣಸೆ ಬೀಜದ ಅಂಟು ಬಳಸುತ್ತ ಬಂದಿದ್ದಾರೆ. ಕುರಿಯ ಉಣ್ಣೆಯೂ ನಾಯಿಯ ಕೂದಲೂ ಒಂದೇ ಜಾತಿಯ ಪದಾರ್ಥ. ಎರಡೂ ಕೆರಾಟಿನ್. ಆದರೂ ಗಂಜಿಯನ್ನು ನಾಯಿಗೆ ಬಳಿಯುವಂತಿಲ್ಲ. ಒಣಗಿದಾಗ ಬಿರುಸಾಗುವುದು ಹಾಸುನೂಲಿಗೆ ಬೇಕಾದ ಗುಣ, ಮೈಗಲ್ಲ.

ಕೈಗಾರಿಕೆಯ ಕಾಲದಲ್ಲಿ ಬಟ್ಟೆಗೂ ಕೂದಲಿಗೂ ಇರುವ ಈ ನಂಟು ಪ್ರಯೋಗಾಲಯ ಸೇರಿತು. ಬಟ್ಟೆಯನ್ನು ಮೆದುವಾಗಿಸಲು ಬಳಸಿದ ಕ್ವಾಟರ್ನರಿ ಅಮೋನಿಯಂ ಲವಣಗಳು ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಹೆಂಗಸರ ಕೂದಲಿನ ಕಂಡಿಷನರ್‌ಗಳಿಗೆ ಬಂದವು. ಅವು ಕೆಲಸ ಮಾಡುವ ಬಗೆ ಹೀಗೆ: ಕೂದಲಿನ ಮೇಲ್ಮೈ ಹೆಂಚು ಹೊದಿಸಿದಂತೆ ಪುಟ್ಟ ಪುಟ್ಟ ಚಕ್ಕೆಗಳಿಂದ ಕೂಡಿದೆ. ಸವೆದ ಎಳೆಯ ಮೇಲೆ ಋಣ ವಿದ್ಯುದಂಶ ಹೆಚ್ಚು. ಲವಣದ ಧನ ಅಂಶ ಅಲ್ಲಿ ಅಂಟಿಕೊಂಡರೆ ಎಳೆಗಳ ಘರ್ಷಣೆ ಇಳಿಯುತ್ತದೆ. ಅದಕ್ಕೆ ಡೈಮೆಥಿಕೋನ್‌ನಂಥ ಸಿಲಿಕೋನ್ ಎಣ್ಣೆ ಸೇರಿದರೆ ಗಂಟಿನೊಳಗೆ ಜಾರು ಹುಟ್ಟುತ್ತದೆ. ತೊಳೆಯದೆ ಬಿಡಬಹುದಾದ ತೆಳು ದ್ರಾವಣವಾದಾಗ ಅದೇ ಸ್ಪ್ರೇ.

ನಾಯಿಗೆ ಇದು ಬೇಕಾಗಿಸಿದ್ದು ಪ್ರದರ್ಶನಗಳು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1859ರಲ್ಲಿ ನಡೆದ ಪ್ರದರ್ಶನದಿಂದ ಈ ಹವ್ಯಾಸ ಬೆಳೆಯಿತು, 1873ರಲ್ಲಿ ಲಂಡನ್ನಿನ ಕೆನೆಲ್ ಕ್ಲಬ್ ಹುಟ್ಟಿತು. ಕೂದಲಿನ ಉದ್ದ, ನವಿರು ತೀರ್ಪಿನ ವಿಷಯವಾದವು. ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ ಉದ್ದ ಕೂದಲು ಮಾಮೂಲಾದದ್ದು 'ಪಮೇರಿಯನ್' ಎಂದೇ ಎಲ್ಲರೂ ಕರೆಯುವ ಸ್ಪಿಟ್ಜ್‌ನಿಂದ. ಅದನ್ನು ಮನೆಮಂದಿ ತಮ್ಮದೇ ಹಳೆಯ ಬಾಚಣಿಗೆಯಿಂದ ಬಾಚುತ್ತಿದ್ದರು. ಮೇಲ್ಗೂದಲು ನಯವಾಗಿ ಕಾಣುತ್ತಿತ್ತು, ಒಳಗೂದಲು ಬುಡದಲ್ಲಿ ಜಡೆಗಟ್ಟುತ್ತಿತ್ತು. ಮುಂದೆ ಶಿಟ್ಜು, ಗೋಲ್ಡನ್ ರಿಟ್ರೀವರ್ ಬಂದ ಮೇಲೆ ಬಾಟಲಿಯೂ ಜೊತೆಗೆ ಬಂತು. 2022ರ '777 ಚಾರ್ಲಿ' ಚಿತ್ರ ಮೆಚ್ಚಿಸಿದ ಲ್ಯಾಬ್ರಡಾರ್‌ಗೆ ಇದರ ಹಂಗಿಲ್ಲ. ಅದರದು ಗಿಡ್ಡ ಕೂದಲು, ಉದುರುವುದಷ್ಟೇ ಅದರ ತೊಂದರೆ.

ಮನೆಯಲ್ಲಿ ಬಳಸುವ ಕ್ರಮ ನೇಕಾರರ ಕುಂಚಕ್ಕಿಂತ ಒಂದು ವಿಷಯದಲ್ಲಿ ಬೇರೆ: ಬಾಚುವುದು ಎಳೆಯ ತುದಿಯಿಂದ ಶುರುವಾಗಿ ಬುಡದತ್ತ ಸಾಗಬೇಕು. ಸ್ನಾನಕ್ಕೆ ಮೊದಲೇ ಗಂಟಿನ ಮೇಲೆ ಸಿಂಪಡಿಸಿ, ಕೆಲವು ನಿಮಿಷ ಬಿಟ್ಟು, ಬುಡವನ್ನು ಬೆರಳಿನಿಂದ ಹಿಡಿದುಕೊಂಡರೆ ಚರ್ಮಕ್ಕೆ ಎಳೆತ ತಾಗದು. ಆಮೇಲೆ ತಂತಿಹಲ್ಲಿನ ಬ್ರಷ್, ಕೊನೆಗೆ ಉಕ್ಕಿನ ಬಾಚಣಿಗೆ. ಬಾಚಣಿಗೆ ಬುಡದವರೆಗೂ ತಡೆಯಿಲ್ಲದೆ ಹೋದರೆ ಕೆಲಸ ಮುಗಿದಂತೆ. ಕೊಬ್ಬರಿ ಎಣ್ಣೆಯೂ ಜಾರು ಕೊಡುತ್ತದೆ ನಿಜ, ಆದರೆ ಧೂಳು ಹಿಡಿಯುತ್ತದೆ, ನಾಯಿ ನೆಕ್ಕುತ್ತದೆ. ಟೀ ಟ್ರೀ ಎಣ್ಣೆ ಬೆರೆತ ದ್ರಾವಣ ನಾಯಿಗೆ ವಿಷವಾಗಬಲ್ಲದು. ಮನುಷ್ಯರ ಕಂಡಿಷನರ್ ನಮ್ಮ ಆಮ್ಲೀಯ ಚರ್ಮಕ್ಕೆ ಹೊಂದುವಂಥದ್ದು, ನಾಯಿಯ ಚರ್ಮ ಸಾಮಾನ್ಯವಾಗಿ ತಟಸ್ಥದ ಹತ್ತಿರ. ಗಂಟು ಕಂಬಳಿಯಷ್ಟು ದಟ್ಟವಾಗಿ ಚರ್ಮಕ್ಕೇ ಅಂಟಿದ್ದರೆ ಯಾವ ಸ್ಪ್ರೇಯೂ ಕೆಲಸಕ್ಕೆ ಬಾರದು. ಕತ್ತರಿ ಹಾಕಿದರೆ ಚರ್ಮವೂ ಕೊಯ್ದೀತು. ಅಲ್ಲಿ ವಿದ್ಯುತ್ ಕ್ಲಿಪ್ಪರಿನಿಂದ ಬೋಳಿಸುವುದೊಂದೇ ದಾರಿ.