ಕಣಜ, ಹೆಂಚು, ಕಾಣಿಕೆ: ತುಳುನಾಡಿನ ಬಾಸೆಲ್ ಮಿಷನ್ ಸಭೆಗಳಲ್ಲಿ ಸಂಪತ್ತಿನ ಪರಿಕಲ್ಪನೆ

ಸಂಪತ್ತನ್ನು ಕುರಿತ ಧಾರ್ಮಿಕ ಚಿಂತನೆಯನ್ನು ಶಾಸ್ತ್ರಗ್ರಂಥಗಳ ನೆಲೆಯಿಂದ ಮಾತ್ರ ವಿವೇಚಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಜನರು ಕುಲಕಸುಬನ್ನೂ ಕುಟುಂಬದ ಆಸ್ತಿಯ ಆಸರೆಯನ್ನೂ ತೊರೆದು ಹೊಸ ನಂಬಿಕೆಯನ್ನು ಒಪ್ಪಿಕೊಂಡಾಗ, ದೇವರು ನಡೆಸುತ್ತಾನೆ ಎಂಬ ಮಾತು ಬರಿಯ ಉಪದೇಶವಾಗಿ ಉಳಿಯುವುದಿಲ್ಲ. ಅದು ನಾಳಿನ ಗಂಜಿಯ ಪ್ರಶ್ನೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ತುಳುನಾಡಿನಲ್ಲಿ ಬಾಸೆಲ್ ಮಿಷನ್ ಸಭೆಗಳು ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯೇಸುವಿನ ಬೋಧನೆಯಲ್ಲಿ ಸಂಪತ್ತಿನ ವಿಚಾರ ಮತ್ತೆ ಮತ್ತೆ ಬರುತ್ತದೆ. ಬೆಳೆ ಹೆಚ್ಚಾಯಿತೆಂದು ಕಣಜವನ್ನು ದೊಡ್ಡದು ಮಾಡಲು ಹೊರಟ ಐಶ್ವರ್ಯವಂತ ಅದೇ ರಾತ್ರಿ ಸಾಯುತ್ತಾನೆ. ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆ ಸಿರಿವಂತರೆಲ್ಲರಿಗಿಂತ ಹೆಚ್ಚು ಕೊಟ್ಟವಳೆನಿಸುತ್ತಾಳೆ. ಬಿತ್ತದ, ಕೊಯ್ಯದ ಹಕ್ಕಿಗಳನ್ನೂ ದೇವರು ಸಾಕುತ್ತಾನೆ. ಇದರ ಜೊತೆಗೇ, ಒಡೆಯ ಒಪ್ಪಿಸಿದ ಹಣವನ್ನು ದುಡಿಸದೆ ಹೂತಿಟ್ಟ ಆಳು ಛೀಮಾರಿಗೆ ಒಳಗಾಗುವ ಕಥೆಯೂ ಇದೆ. ಆದ್ದರಿಂದ ಇಲ್ಲಿ ಸಂಪತ್ತು ಸ್ವತಃ ಪಾಪವಲ್ಲ, ಪುಣ್ಯದ ಫಲವೂ ಅಲ್ಲ. ಮನುಷ್ಯನು ಅದರ ಒಡೆಯನಲ್ಲ, ಲೆಕ್ಕ ಒಪ್ಪಿಸಬೇಕಾದ ಪಾರುಪತ್ಯಗಾರ. ಕೂಡಿಡದಿರುವುದು ಮತ್ತು ದುಡಿಸುವುದು ಎಂಬ ಈ ಎರಡು ಎಳೆಗಳ ನಡುವಣ ಬಿಗಿಯೇ ಮುಂದಿನ ಚರಿತ್ರೆಯ ಬೀಜವಾಗಿದೆ.

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾಯಿತು. ಅದರ ಹಿನ್ನೆಲೆಯಲ್ಲಿದ್ದುದು ಜರ್ಮನಿಯ ಪಯಟಿಸ್ಟ್ ಭಕ್ತಿಪಂಥ. ಆ ಪಂಥದ ಮುಂದಾಳುಗಳಲ್ಲೊಬ್ಬನಾದ ಆಗಸ್ಟ್ ಹರ್ಮನ್ ಫ್ರಾಂಕೆಯು 1695ರಲ್ಲಿ ಕಾಣಿಕೆ ಡಬ್ಬಿಗೆ ಬಿದ್ದ ನಾಲ್ಕು ಟಾಲರ್ ಹದಿನಾರು ಗ್ರೋಶನ್ ಹಣವನ್ನೇ ಬಂಡವಾಳವಾಗಿಸಿಕೊಂಡು ಹಾಲೆಯಲ್ಲಿ ಬಡಮಕ್ಕಳ ಶಾಲೆಯನ್ನು ತೆರೆದನು. ಅದು ಮುಂದೆ ಹೆಸರಾಂತ ಅನಾಥಾಲಯವಾಗಿ ಬೆಳೆಯಿತು. ದೇವರ ಮೇಲೆ ಭಾರ ಹಾಕಿ ಚಿಕ್ಕ ಮೊತ್ತದಿಂದ ತೊಡಗುವ ಈ ಮಾದರಿ ಬಾಸೆಲಿನಲ್ಲಿಯೂ ಕಾಣುತ್ತದೆ. ಅಲ್ಲಿನ ರೇಷ್ಮೆ ಪಟ್ಟಿಯ ಶ್ರೀಮಂತ ಉದ್ಯಮಿಗಳು ಮಿಷನ್ನಿನ ಪೋಷಕರಾಗಿದ್ದರು. ಆದರೂ 1855ರಲ್ಲಿ ಸಾಮಾನ್ಯ ಜನರಿಂದ ವಾರಕ್ಕೆ ಅರ್ಧ ಬಾಟ್ಸನ್, ಎಂದರೆ 5 ರಾಪ್ಪೆನ್, ಎತ್ತುವ ವಂತಿಗೆಯ ಪದ್ಧತಿ ಆರಂಭವಾಯಿತು. ವಿಧವೆಯ ಎರಡು ಕಾಸಿನ ಕಥೆಯು ಇಲ್ಲಿ ಸಂಸ್ಥೆಯ ಆದಾಯ ಮೂಲವಾಗಿ ಮಾರ್ಪಟ್ಟಿರುವುದು ಗಮನಾರ್ಹ.

1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಇವರ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಸೇರಿದವರು ಕಳ್ಳು ಇಳಿಸುವ ಕಸುಬನ್ನು ಬಿಡಬೇಕಾಗಿತ್ತು. ಮತ ಬದಲಿಸಿದವರ ಪಿತ್ರಾರ್ಜಿತ ಹಕ್ಕು ಹೋಗಬಾರದೆಂದು 1850ರ 21ನೆಯ ಕಾಯಿದೆ ಹೇಳಿದರೂ, ಅಳಿಯಸಂತಾನದ ಅವಿಭಕ್ತ ಕುಟುಂಬದಲ್ಲಿ ವ್ಯಕ್ತಿಯೊಬ್ಬ ತನ್ನ ಪಾಲನ್ನು ಬೇರ್ಪಡಿಸಿಕೊಳ್ಳುವ ರೂಢಿಯೇ ಇರಲಿಲ್ಲ. ಇದಕ್ಕಿಂತ ಸೂಕ್ಷ್ಮವಾದುದು ಭೂತಾರಾಧನೆಯ ಸಂಗತಿ. ಗದ್ದೆಯ ಬೆಳೆ, ದನಕರು, ಮಕ್ಕಳ ಆರೋಗ್ಯ ಎಲ್ಲವೂ ಭೂತದ ಕಾವಲಿನಲ್ಲಿವೆ ಎಂಬುದು ಜನಪದರ ದೃಢ ನಂಬಿಕೆ. ತಂಬಿಲ, ಕೋಲಗಳ ಪಾಲು ತಪ್ಪಿದರೆ ಕೇಡು ಖಂಡಿತ. ಆದುದರಿಂದ ಆ ಪಾಲನ್ನು ನಿಲ್ಲಿಸಿದ ಒಕ್ಕಲಿಗೆ ದೈವಭರವಸೆ ಎಂಬುದು ಮೊದಲ ಮಳೆಗಾಲದಲ್ಲಿಯೇ ನಡೆದುಹೋಗುವ ಪರೀಕ್ಷೆಯಾಗಿತ್ತು.

ಹೀಗೆ ಆಸರೆ ಕಳೆದುಕೊಂಡವರಿಗೆ ದುಡಿಮೆ ಒದಗಿಸುವುದು ಮಿಷನ್ನಿಗೆ ಅನಿವಾರ್ಯವಾಯಿತು. 1851ರಲ್ಲಿ ನೇಯ್ಗೆ ಬಲ್ಲ ಹಾಲರ್ ಮಂಗಳೂರಿಗೆ ಬಂದನು. 1859ರಲ್ಲಿ ಮಿಷನ್ ವ್ಯಾಪಾರ ಕಂಪೆನಿ ಸ್ಥಾಪನೆಯಾಯಿತು. ಅದರ ಪಾಲುದಾರರಿಗೆ ಮಿತವಾದ ಲಾಭಾಂಶ ಸಲ್ಲಬೇಕು, ಮಿಕ್ಕ ಲಾಭ ಮಿಷನ್ ಕಾರ್ಯಕ್ಕೆ ಹೋಗಬೇಕು ಎಂಬುದು ನಿಯಮ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಮಂಗಳೂರು ಹೆಂಚಿನ ಕೀರ್ತಿ ಅಲ್ಲಿಂದ ಹರಡಿತು. ಸುವಾರ್ತೆ ಸಾರಲು ಬಂದವರು ವ್ಯಾಪಾರಕ್ಕೆ ಕೈಹಾಕುವುದು ತಕ್ಕುದೇ ಎಂಬ ಸಂಶಯ ಮಿಷನ್ನಿನ ಒಳಗೇ ಇತ್ತು. ಅನ್ನಕ್ಕಾಗಿ ಮತ ಬದಲಿಸಿದರು ಎಂಬ ಟೀಕೆ ಹೊರಗಿನಿಂದ ಬಂದಿತು. ಈ ಟೀಕೆಯನ್ನು ತಳ್ಳಿಹಾಕಲಾಗದು; ಕೂಲಿ, ವಸತಿ, ಸಭೆಯ ಸದಸ್ಯತ್ವ ಒಂದೇ ಸಂಸ್ಥೆಯ ಕೈಯಲ್ಲಿದ್ದಾಗ ನಂಬಿಕೆ ಮತ್ತು ಅವಲಂಬನೆಗಳನ್ನು ಬೇರ್ಪಡಿಸುವುದು ಕಷ್ಟ. ಆದರೆ ಆ ಅನ್ನ ದೊರೆಯುವ ಮುನ್ನ ಅವರು ಕಳೆದುಕೊಂಡುದರ ಲೆಕ್ಕವನ್ನೂ ಹಿಡಿಯದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಕಾರ್ಖಾನೆಗಳಲ್ಲಿ ಉಳಿತಾಯ ನಿಧಿ, ಕಾಯಿಲೆಯವರ ನೆರವಿನ ನಿಧಿಗಳೂ ಇದ್ದವು. ನಾಳಿನ ಚಿಂತೆ ಬೇಡವೆಂಬ ಬೋಧನೆಯೂ ನಾಳೆಗಾಗಿ ಉಳಿಸುವ ಶಿಸ್ತೂ ಒಂದೇ ಆವರಣದಲ್ಲಿ ಬಾಳಿದವು.

ಜನಪದ ಅಧ್ಯಯನದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದುದು ಈ ಸಭೆಗಳ ಸುಗ್ಗಿ ಹಬ್ಬ. ಬಾಳೆಗೊನೆ, ತೆಂಗಿನಕಾಯಿ, ಕುಂಬಳ, ಭತ್ತ, ಕೋಳಿ ಮುಂತಾದವನ್ನು ದೇವಾಲಯಕ್ಕೆ ತಂದು ಅರ್ಪಿಸಿ ಬಳಿಕ ಏಲಂ ಹಾಕುತ್ತಾರೆ. ಅಲ್ಲಿ ಒಂದು ತೆಂಗಿನಕಾಯಿ ಪೇಟೆಯ ದರಕ್ಕಿಂತ ಹಲವು ಪಟ್ಟು ಬೆಲೆಗೆ ಹೋಗುವುದುಂಟು. ಪೇಟೆಯಲ್ಲಿ ಜಾಣತನವೆನಿಸುವ ಚೌಕಾಶಿ ಇಲ್ಲಿ ನಾಚಿಕೆಗೇಡು. ಮಂಗಳೂರಿನ ಕೊಂಕಣಿ ಕಥೊಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಹೊಸ ಅಕ್ಕಿಯನ್ನು ಉಣ್ಣುತ್ತಾರೆ. ಮೊದಲ ಫಲ ಮನುಷ್ಯನದಲ್ಲ ಎಂಬ ತುಳುನಾಡಿನ ಹಳೆಯ ಆಶಯ ಎರಡರಲ್ಲಿಯೂ ಉಳಿದಿದೆ. ಬದಲಾದುದು ಅರ್ಪಣೆಯ ಭಾವ: ಭೂತದ ಪಾಲು ತೀರಿಸಲೇಬೇಕಾದ ಋಣ, ಸುಗ್ಗಿಯ ಕಾಣಿಕೆ, ಬೋಧನೆಯ ಮಟ್ಟಿಗಾದರೂ, ಕೃತಜ್ಞತೆ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಮಿಷನ್ನಿನ ಉದ್ಯಮಗಳು 1919ರಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದೇವರ ಒದಗಿಸುವಿಕೆಯೆಂದು ಜನರು ಭಾವಿಸಿದ್ದ ಕಾರ್ಖಾನೆ ಸರಕಾರದ ಒಂದು ಆಜ್ಞೆಯಿಂದ ಕೈತಪ್ಪುವಂಥದ್ದೆಂಬುದು ಆಗ ಸ್ಪಷ್ಟವಾಯಿತು. ಆದರೆ ಸಭೆಗಳು ಅಳಿಯಲಿಲ್ಲ. ಹೆಂಚಿನ ಲಾಭ ಹೋದ ಮೇಲೂ ಅವುಗಳಿಗೆ ಉಳಿದುದು ಸದಸ್ಯರ ಕಾಣಿಕೆ, ಸುಗ್ಗಿಯ ಏಲಂ. ಒಟ್ಟಾರೆ, ಈ ಸಮುದಾಯದ ಅನುಭವದಲ್ಲಿ ದೈವಭರವಸೆ ಎಂದರೆ ಕೈಕಟ್ಟಿ ಕೂರುವುದಾಗಿರಲಿಲ್ಲ. ಕಳೆದುಕೊಂಡವರು ದುಡಿದು, ದುಡಿದುದರಲ್ಲಿ ಒಂದು ಪಾಲನ್ನು ತಮ್ಮದಲ್ಲವೆಂದು ತೆಗೆದಿಡುವುದಾಗಿತ್ತು.