ಧಾರವಾಡದಲ್ಲಿ ಹುಟ್ಟಿದ ಬಾಲೂ ಮತ್ತು 1911ರ ಆ ಸೀಸನ್

ಮಳೆಗಾಲ ಬಂತೆಂದರೆ ಬೇರೆ ಊರುಗಳಲ್ಲಿ ಕ್ರಿಕೆಟ್ ಕಿಟ್ಟು ಮಂಚದ ಕೆಳಗೆ ಹೋಗುತ್ತದೆ. ನಮ್ಮ ಮುಂಬೈಯಲ್ಲಿ ಮಾತ್ರ ಅದು ಆಗಲೇ ಹೊರಗೆ ಬರುವುದು! 1948ರಲ್ಲಿ ಶುರುವಾದ ಕಾಂಗಾ ಲೀಗ್ ಮಳೆಗಾಲದ ಪಂದ್ಯಾವಳಿ ಎಂದೇ ಹೆಸರಾದದ್ದು. ಒದ್ದೆ ಪಿಚ್ಚು, ಬೆಳೆದು ನಿಂತ ಹುಲ್ಲು. ಬೌಂಡರಿಗೆ ಹೋಗಬೇಕಾದ ಚೆಂಡು ಅರ್ಧ ದಾರಿಯಲ್ಲೇ ಹುಲ್ಲಿನಲ್ಲಿ ಸಿಕ್ಕಿ ಕೂತುಬಿಡುತ್ತದೆ. ಆಜಾದ್ ಮೈದಾನದ ಅಂಚಿನಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ವಡಾ-ಪಾವ್ ಹಿಡಿದು ಆ ಆಟ ನೋಡುತ್ತ ನಿಂತ ಭಾನುವಾರಗಳು ನನ್ನ ಲೆಕ್ಕದಲ್ಲಿ ಬಹಳ ಇವೆ.

ಇಷ್ಟು ವರ್ಷ ನೋಡಿದರೂ ಈ ಕಾಂಗಾ ಅಂದರೆ ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ. ಯಾರೋ ಪಾರ್ಸಿ ಸೇಠ್ ಇರಬೇಕು, ದುಡ್ಡು ಕೊಟ್ಟಿರಬೇಕು, ಹೆಸರಿಟ್ಟಿರಬೇಕು ಅಂತ ಅಂದುಕೊಂಡಿದ್ದೆ. ಅವರು ಡಾಕ್ಟರ್ ಹೊರ್ಮಸ್‌ಜಿ ಕಾಂಗಾ. ವೈದ್ಯರು, ಜೊತೆಗೆ ಭರ್ಜರಿ ಬ್ಯಾಟ್ಸ್‌ಮನ್. 1911ರಲ್ಲಿ ಇಂಗ್ಲೆಂಡಿಗೆ ಹೋದ ಮೊಟ್ಟಮೊದಲ ‘ಆಲ್ ಇಂಡಿಯಾ’ ತಂಡದಲ್ಲಿ ಇದ್ದವರು. ರಾಮಚಂದ್ರ ಗುಹಾ ಅವರು 2002ರಲ್ಲಿ ಬರೆದ ಭಾರತೀಯ ಕ್ರಿಕೆಟ್ಟಿನ ಇತಿಹಾಸವನ್ನು ಓದುವಾಗ ನಾನು ಆ ತಂಡದ ಇನ್ನೊಂದು ಹೆಸರಿನ ಹತ್ತಿರ ನಿಂತುಬಿಟ್ಟೆ. ಪಾಲ್ವಣಕರ್ ಬಾಲೂ. ಹುಟ್ಟಿದ ಊರು ಧಾರವಾಡ, ವರ್ಷ 1876.

ಧಾರವಾಡ! ನನ್ನ ಊರು. ನಲವತ್ತು ವರ್ಷಗಳ ಮೇಲಾಯಿತು ಬಿಟ್ಟು ಬಂದು. ಆದರೂ ಯಾರಾದರೂ ‘ಯಾವ ಊರ್ರೀ?’ ಎಂದರೆ ಬಾಯಲ್ಲಿ ಬರುವುದು ಅದೇ. ನಮ್ಮೂರಿನವರ ಪಟ್ಟಿ ಹೇಳು ಎಂದರೆ ಬೇಂದ್ರೆ, ಮಲ್ಲಿಕಾರ್ಜುನ ಮನ್ಸೂರ ಅಂತ ಶುರುಮಾಡಿ ಫೇಡೆವರೆಗೂ ಹೇಳುತ್ತಿದ್ದೆ. ಅದರಲ್ಲಿ ಬಾಲೂ ಇರಲೇ ಇಲ್ಲ. ನಾನು ಓದಿದ ಶಾಲೆಯಲ್ಲಾಗಲಿ, ನಾವು ಆಡುತ್ತಿದ್ದ ಬಯಲಿನಲ್ಲಾಗಲಿ ಈ ಹೆಸರನ್ನು ಯಾರೂ ಎತ್ತಿದ್ದು ನೆನಪಿಲ್ಲ. ಏಕಿರಲಿಲ್ಲ ಎಂಬುದಕ್ಕೆ ಉತ್ತರ ಅವರ ಕಥೆಯಲ್ಲೇ ಇದೆ.

ಬಾಲೂ ಅವರದ್ದು ಚರ್ಮದ ಕೆಲಸ ಮಾಡುತ್ತಿದ್ದ ಜಾತಿ. ಅಂದರೆ ಅಂದಿನ ಲೆಕ್ಕದಲ್ಲಿ ಅಸ್ಪೃಶ್ಯರು. ಮನೆತನದ ಮೂಲ ಕೊಂಕಣದ ಪಾಲ್ವಣ, ಅದಕ್ಕೇ ಪಾಲ್ವಣಕರ್. ತಂದೆಗೆ ಸೈನ್ಯದಲ್ಲಿ ಕೆಲಸ, ಹಾಗಾಗಿ ಹುಡುಗ ಬೆಳೆದದ್ದು ಪುಣೆಯಲ್ಲಿ. ಸೈನ್ಯದ ಸಾಹೇಬರು ಬಿಸಾಡಿದ ಬ್ಯಾಟು-ಚೆಂಡುಗಳಲ್ಲಿ ಅಣ್ಣ ತಮ್ಮಂದಿರ ಆಟ ಶುರು. ಬಾಲೂನ ಮೊದಲ ಕೆಲಸ ಪುಣೆಯ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ, ಪಿಚ್ಚು ಗುಡಿಸಿ ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ, 1892ರ ಸುಮಾರಿಗೆ, ಬ್ರಿಟಿಷರ ಪೂನಾ ಕ್ಲಬ್ಬಿಗೆ ಹೋದ. ಅಲ್ಲಿ 4 ರೂಪಾಯಿ. ರೋಲರ್ ಎಳೆ, ನೆಟ್ ಕಟ್ಟು, ಗೆರೆ ಹಾಕು, ಸಾಹೇಬರಿಗೆ ಬೌಲಿಂಗ್ ಮಾಡು. ಜೆ. ಜಿ. ಗ್ರೇಗ್ ಎಂಬ ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಲೂಗೆ ಎಂಟಾಣೆ ಕೊಡುತ್ತಿದ್ದ ಎಂದು ಕಥೆ ಇದೆ. ಎಂಟಾಣೆಯ ಕಥೆ ಎಷ್ಟು ನಿಜವೋ, ಅವನ ಎಡಗೈ ಸ್ಪಿನ್ ಪಳಗಿದ್ದು ಅಲ್ಲೇ, ಗಂಟೆಗಟ್ಟಲೆ ಸಾಹೇಬರಿಗೆ ಚೆಂಡು ಹಾಕಿ ಹಾಕಿ. ಬ್ಯಾಟ್ ಮಾತ್ರ ಅವನ ಕೈಗೆ ಯಾರೂ ಕೊಡಲಿಲ್ಲ.

ಆಗ ಪುಣೆಯಲ್ಲಿ ಹಿಂದೂಗಳದ್ದೂ ಒಂದು ಟೀಮ್ ಇತ್ತು. ಯೂರೋಪಿಯನ್ನರನ್ನು ಸೋಲಿಸಬೇಕು ಅಂದರೆ ಈ ಹುಡುಗ ಬೇಕೇ ಬೇಕು ಎಂದು ಕೆಲವರಿಗೆ ಅನಿಸಿತು, ಇನ್ನು ಕೆಲವರು ಬೇಡವೆಂದರು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟುವುದು ಅದೇ ಚೆಂಡು. ಚಹಾದ ಹೊತ್ತಿಗೆ ಮಾತ್ರ ಬಾಲೂ ಪೆವಿಲಿಯನ್ನಿನ ಹೊರಗೆ. ಅವನಿಗೆ ಚಹಾ ಕುಡಿದು ಎಸೆಯುವ ಮಣ್ಣಿನ ಕಪ್ಪಿನಲ್ಲಿ, ಊಟ ಬೇರೆ. ಚೆಂಡಿನ ಮೇಲಿದ್ದದ್ದೂ ಚರ್ಮವೇ ಅಲ್ಲವೇ ಸ್ವಾಮಿ? ಅದಕ್ಕೆ ಮೈಲಿಗೆ ಇರಲಿಲ್ಲ, ಕಪ್ಪಿಗೆ ಇತ್ತು. ‘ಲಗಾನ್’ ಸಿನೆಮಾದ ಕಚ್ರಾನ ಪಾತ್ರ ನೋಡಿ ಕಣ್ಣೀರು ಹಾಕಿದವರು ಈ ಕಪ್ಪನ್ನು ಒಮ್ಮೆ ನೆನೆಯಬೇಕು.

ಪ್ಲೇಗಿನ ದಿನಗಳಲ್ಲಿ ಬಾಲೂ ಮುಂಬೈಗೆ ಬಂದ, ನಮ್ಮ ನಿಮ್ಮ ಹಾಗೆಯೇ ಹೊಟ್ಟೆಪಾಡಿಗೆ. ಬಿ.ಬಿ. ಅಂಡ್ ಸಿ.ಐ. ರೈಲ್ವೆಯಲ್ಲಿ, ಅಂದರೆ ಇಂದಿನ ನಮ್ಮ ವೆಸ್ಟರ್ನ್ ರೈಲ್ವೆಯ ಅಜ್ಜನಲ್ಲಿ, ನೌಕರಿ. ಆಟ ಹಿಂದೂ ಜಿಮಖಾನಾದಲ್ಲಿ. ಫೆಬ್ರವರಿ 1906ರಲ್ಲಿ ಹಿಂದೂಗಳ ತಂಡ ಯೂರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಸ್ವದೇಶಿ ಚಳವಳಿಯ ಬಿಸಿ ಇದ್ದ ದಿನಗಳು, ಊರೆಲ್ಲ ಹಬ್ಬ. ಆ ಪಂದ್ಯದಲ್ಲಿ ಬಾಲೂಗೆ 8 ವಿಕೆಟ್ಟು.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಈಗ 1911ಕ್ಕೆ ಬನ್ನಿ. ಐದನೇ ಜಾರ್ಜ್ ದೊರೆಗೆ ಲಂಡನ್ನಿನಲ್ಲಿ ಪಟ್ಟ ಕಟ್ಟುವ ವರ್ಷ. ಭಾರತದ್ದೂ ಒಂದು ಕ್ರಿಕೆಟ್ ತಂಡ ಬೇಸಿಗೆಯಿಡೀ ಇಂಗ್ಲೆಂಡಿನಲ್ಲಿ ಆಡಲಿ ಎಂದು ನಿಶ್ಚಯವಾಯಿತು. ಇದಕ್ಕೆ ಹಿಂದೆಯೂ ಒಮ್ಮೆ ಪ್ರಯತ್ನ ನಡೆದು, ಯಾವ ಜಾತಿ-ಧರ್ಮದವರು ಎಷ್ಟು ಜನ ಎಂಬ ಜಗಳದಲ್ಲೇ ಮುರಿದುಬಿದ್ದಿತ್ತು. ಈ ಸಲ ಹಡಗು ಹೊರಟಿತು. ಕ್ಯಾಪ್ಟನ್ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19! ಪಾರ್ಸಿಗಳಲ್ಲಿ ನಮ್ಮ ಕಾಂಗಾ ಡಾಕ್ಟರು, ಎಡಗೈ ಸ್ಪಿನ್ನರ್ ವಾರ್ಡನ್, ಮಹಾರಾಜರ ಸೇವೆಯಲ್ಲೇ ಇದ್ದ ಕೇಕಿ ಮಿಸ್ತ್ರಿ ಮುಂತಾದವರು. ಅಲಿಗಢದ ಕಡೆಯಿಂದ ಸಲಾಮುದ್ದೀನ್, ಶಫ್ಕತ್ ಹುಸೇನ್. ವಿಕೆಟ್ ಹಿಂದೆ ಶೇಷಾಚಾರಿ. ಬ್ಯಾಟಿಂಗಿಗೆ ಬೆಂಗಳೂರಿನ ಜಯರಾಮ್, ಮುಂಬೈಯ ಎಂ. ಡಿ. ಪೈ. ಮತ್ತೆ ಬಾಲೂ, ಅವನ ತಮ್ಮ ಶಿವರಾಮ್. ಬಾಲೂಗೆ ಆಗಲೇ 35 ತುಂಬಿತ್ತು.

ತಂಡವೇನೋ ಹೋಯಿತು, ಕ್ಯಾಪ್ಟನ್ ಉಳಿಯಲಿಲ್ಲ. ಮಹಾರಾಜರಿಗೆ ಲಂಡನ್ನಿನಲ್ಲಿ ಔತಣ, ದರ್ಬಾರು, ಮೆರವಣಿಗೆ ಎಂದು ನೂರೆಂಟು ಕೆಲಸ. ಕೆಲವೇ ಪಂದ್ಯ ಆಡಿ ಅವರು ಬಿಟ್ಟರು. ಹೋಗುವಾಗ ಒಳ್ಳೆಯ ಬ್ಯಾಟ್ಸ್‌ಮನ್ ಮಿಸ್ತ್ರಿಯೂ ಅವರ ಜೊತೆಗೇ. ಇಂಗ್ಲೆಂಡಿನ ತಣ್ಣನೆ ಗಾಳಿ, ಗೊತ್ತಿಲ್ಲದ ಪಿಚ್ಚುಗಳು, ವಾರಕ್ಕೆರಡು ಪಂದ್ಯ. ಶುರುವಿಗೆ ಸೋಲಿನ ಮೇಲೆ ಸೋಲು. ಆ ಸೋಲುಗಳಲ್ಲೂ ಬಾಲೂನ ಲೆಕ್ಕ ಬೇರೆಯೇ ಇತ್ತು. ಆಕ್ಸ್‌ಫರ್ಡ್ ವಿರುದ್ಧ 87ಕ್ಕೆ 5, ಕೇಂಬ್ರಿಡ್ಜ್ ವಿರುದ್ಧ 103ಕ್ಕೆ 8. ಲಾರ್ಡ್ಸ್‌ನಲ್ಲಿ ಎಂ.ಸಿ.ಸಿ. ವಿರುದ್ಧ 96ಕ್ಕೆ 4.

ಜುಲೈಯಲ್ಲಿ ಗ್ರಹಚಾರ ಬದಲಾಯಿತು. ಲೆಸ್ಟರ್‌ಶೈರ್ ವಿರುದ್ಧ ಕಾಂಗಾ ಶತಕ ಹೊಡೆದರು, ಬಾಲೂ ಎರಡು ಇನ್ನಿಂಗ್ಸ್ ಸೇರಿ 11 ವಿಕೆಟ್ ಕಿತ್ತ. ಇಂಗ್ಲೆಂಡಿನ ಕೌಂಟಿಯೊಂದರ ಮೇಲೆ ಆ ತಂಡದ ಮೊದಲ ಗೆಲುವು. ಅದರ ಬೆನ್ನಿಗೇ ಸಾಮರ್‌ಸೆಟ್ ವಿರುದ್ಧ ಟಾಂಟನ್ನಿನಲ್ಲಿ ಕೇವಲ ಒಂದು ವಿಕೆಟ್ಟಿನ ಜಯ. ಅಲ್ಲಿ ತಮ್ಮ ಶಿವರಾಮ್ ಔಟಾಗದೆ 113. ಒಂದು ಪಂದ್ಯಕ್ಕೆ ಅಣ್ಣನ ಬೌಲಿಂಗು, ಇನ್ನೊಂದಕ್ಕೆ ತಮ್ಮನ ಬ್ಯಾಟಿಂಗು. ಆ ಪ್ರವಾಸದಲ್ಲಿ ಕೌಂಟಿ ತಂಡಗಳ ವಿರುದ್ಧ ಬಂದ ಪ್ರಥಮ ದರ್ಜೆಯ ಎರಡೇ ಎರಡು ಗೆಲುವುಗಳು ಇವು. (ಬಜಾನಾ ಎಂಬ ಇನ್ನೊಬ್ಬ ಆಟಗಾರ ಸಾಮರ್‌ಸೆಟ್‌ನವರಿಗೆ ಎಷ್ಟು ಹಿಡಿಸಿದನೆಂದರೆ, 1912ರಿಂದ ಅವನು ಅವರ ಪರವಾಗಿಯೇ ಆಡಿದ!)

ಸೀಸನ್ ಮುಗಿದಾಗ ಒಟ್ಟು 23 ಪಂದ್ಯ, 6 ಗೆಲುವು, 15 ಸೋಲು, 2 ಡ್ರಾ. ಬರೀ ಸ್ಕೋರ್‌ಬೋರ್ಡ್ ನೋಡುವವರಿಗೆ ಇದು ಸೋತ ತಂಡ. ಆದರೆ ಬಾಲೂ ಕಿತ್ತ ವಿಕೆಟ್ಟುಗಳು 114. ಪ್ರಥಮ ದರ್ಜೆಯ ಪಂದ್ಯಗಳಲ್ಲಷ್ಟೇ 75, ಸರಾಸರಿ 20.12. ಅದೂ ಇಪ್ಪತ್ತು ವರ್ಷದ ಹಿಂದೆ ರೋಲರ್ ಎಳೆಯುತ್ತಿದ್ದ ಮನುಷ್ಯ, ಮೂವತ್ತೈದರ ವಯಸ್ಸಿನಲ್ಲಿ.

ಇಲ್ಲಿ ಒಂದು ಮಾತು. ‘ಅಮೆಚೂರ್’ ಎಂಬ ಶಬ್ದವನ್ನು ನಾವು ‘ಹವ್ಯಾಸಿ’ ಎಂದು ಚೆಂದವಾಗಿ ಅನುವಾದ ಮಾಡಿಕೊಂಡಿದ್ದೇವೆ. ಅಂದಿನ ಇಂಗ್ಲೆಂಡಿನಲ್ಲಿ ಹವ್ಯಾಸಿಗೊಂದು ಬಾಗಿಲು, ಸಂಬಳದ ಆಟಗಾರನಿಗೆ ಇನ್ನೊಂದು. ಆ ಭೇದ ಅಧಿಕೃತವಾಗಿ ಹೋದದ್ದು 1962ರಲ್ಲಿ. ಪುರುಸೊತ್ತು ಇದ್ದವನಿಗೆ, ಹೊಟ್ಟೆ ತುಂಬಿದವನಿಗೆ ಮರ್ಯಾದೆ ಎಂಬುದೇ ಅದರ ಒಳಾರ್ಥ. ಹಾಗೆ ನೋಡಿದರೆ 1911ರ ತಂಡದಲ್ಲಿ ನಿಜವಾದ ಹವ್ಯಾಸಿ ಮಹಾರಾಜರೇ. ಮನಸ್ಸು ಬಂದಾಗ ಆಡಿದರು, ಬೇಡವಾದಾಗ ಬಿಟ್ಟರು. ಆದರೆ ಆಟವನ್ನೇ ಪ್ರೀತಿಸಿ ಕೊನೆಯ ಪಂದ್ಯದವರೆಗೂ ಚೆಂಡು ಹಾಕಿದವನನ್ನು ಏನೆಂದು ಕರೆಯೋಣ?

ಊರಿಗೆ ಮರಳಿದ ಮೇಲೆ ಮುಂಬೈಯ ದಲಿತ ಸಮುದಾಯದವರು ಬಾಲೂಗೆ ಸನ್ಮಾನ ಮಾಡಿದರು. ಆದರೆ ಹಿಂದೂಗಳ ತಂಡದ ಕ್ಯಾಪ್ಟನ್ ಮಾಡಿರೆಂದರೆ ಮಾತ್ರ ಆಡಳಿತದವರು ಕಿವಿ ಮುಚ್ಚಿಕೊಂಡರು. 1913ರಲ್ಲಿ ಪಟ್ಟ ಸಿಕ್ಕಿದ್ದು ಇಂಗ್ಲೆಂಡಿಗೆ ಜೊತೆಯಲ್ಲಿ ಹೋಗಿದ್ದ ಎಂ. ಡಿ. ಪೈ ಅವರಿಗೆ. ಪೈ ದೊಡ್ಡ ಮನಸ್ಸಿನವರು. ತಮಗೇ ಇಟ್ಟ ಸನ್ಮಾನ ಸಭೆಯಲ್ಲಿ ಎದ್ದು ನಿಂತು, ಈ ಗೌರವ ಹಿರಿಯನೂ ಅನುಭವಸ್ಥನೂ ಆದ ಬಾಲೂಗೆ ಸಲ್ಲಬೇಕಿತ್ತು ಎಂದುಬಿಟ್ಟರು. 1920ರಲ್ಲಿ ಬಾಲೂನನ್ನು ತಂಡದಿಂದಲೇ ಕೈಬಿಟ್ಟರು. ನಾಯಕತ್ವ ತಮ್ಮ ವಿಠ್ಠಲನಿಗೂ ಸಿಗಲಿಲ್ಲ. ವಿಠ್ಠಲ ಮತ್ತು ಶಿವರಾಮ್ ಪ್ರತಿಭಟಿಸಿ ಹಿಂದೆ ಸರಿದರು, ಗದ್ದಲವಾಯಿತು, ಕೊನೆಗೆ ಅವರನ್ನು ವಾಪಸು ಕರೆದು ಬಾಲೂನನ್ನು ಉಪನಾಯಕ ಮಾಡಿದರು. ಪಂದ್ಯದಲ್ಲಿ ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ಹೋದರು. ಅಷ್ಟು ಹೊತ್ತು ಬಾಲೂ ಕ್ಯಾಪ್ಟನ್. ಅಷ್ಟೇ. 1923ರಲ್ಲಿ ವಿಠ್ಠಲ ಕ್ಯಾಪ್ಟನ್ ಆದ, ಗೆದ್ದ, ಜನ ಹೆಗಲ ಮೇಲೆ ಹೊತ್ತರು. ಅಣ್ಣನಿಗೆ ಸಿಗದೇ ಹೋದದ್ದು ತಮ್ಮನಿಗೆ ಸಿಕ್ಕಿತು.

ಬಾಲೂ ಆಮೇಲೆ ರಾಜಕೀಯಕ್ಕೆ ಬಂದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ವಿರುದ್ಧವೇ ನಿಲ್ಲಿಸಿತು. 13,245ಕ್ಕೆ 11,225 ಮತ ಪಡೆದು ಬಾಲೂ ಸೋತರು. 1955ರಲ್ಲಿ ಮುಂಬೈಯಲ್ಲೇ ತೀರಿಕೊಂಡರು.

ಇದನ್ನೆಲ್ಲ ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಬೇರೆ ಇದೆ, ಹೇಳಿಬಿಡುತ್ತೇನೆ.

ಎಂಬತ್ತರ ದಶಕದಲ್ಲಿ ನಮ್ಮ ಆಫೀಸಿನವರದ್ದೊಂದು ಭಾನುವಾರದ ಟೀಮ್ ಇತ್ತು. ಎರಡು ಸೀಸನ್ ನಾನೇ ಕ್ಯಾಪ್ಟನ್. ದೊಡ್ಡ ಆಟಗಾರನೇನಲ್ಲ ಬಿಡಿ, ಮ್ಯಾಚ್ ಹೊಂದಿಸುವುದು, ವರ್ಗಣಿ ಎತ್ತುವುದು ನನ್ನಿಂದ ಆಗುತ್ತಿತ್ತು, ಅದಕ್ಕೇ. ನಾವು ಪ್ರಾಕ್ಟೀಸ್ ಮಾಡುತ್ತಿದ್ದ ಮೈದಾನದ ಮಾಲಿಗೆ ಹದಿನಾರರ ಒಬ್ಬ ಮಗ. ಪಿಚ್ಚಿಗೆ ನೀರು ಹಾಕುವುದು, ನೆಟ್ ಕಟ್ಟುವುದು ಅವನೇ. ನೆಟ್ಟಿನಲ್ಲಿ ನಮಗೆಲ್ಲ ಆಫ್ ಸ್ಪಿನ್ ಹಾಕುತ್ತಿದ್ದ, ನಮ್ಮಲ್ಲಿ ಯಾರಿಗೂ ಅವನ ಚೆಂಡು ಗುರುತೇ ಸಿಗುತ್ತಿರಲಿಲ್ಲ. ಒಂದು ಶನಿವಾರ ಸಾಯಂಕಾಲ ನೆಟ್ ಬಿಚ್ಚುತ್ತ ನನ್ನ ಮುಖ ನೋಡದೆ ಕೇಳಿದ, ‘ಸಾಹೇಬ್, ಉದ್ಯಾ ಮೀ ಖೇಳೂ ಕಾ?’ ನಾಳೆ ನಾನೂ ಆಡಲಾ ಅಂತ. ಮರುದಿನದ್ದು ಫ್ರೆಂಡ್ಲಿ ಮ್ಯಾಚು. ನಿಯಮ ಯಾವುದೂ ಅಡ್ಡ ಇರಲಿಲ್ಲ. ಆದರೂ ‘ನೋಡೋಣ’ ಎಂದೆ. ಸ್ಟಾಫಿನವರು ಏನಂದಾರು, ಊಟಕ್ಕೆ ಎಲ್ಲಿ ಕೂರಿಸುವುದು... ಹೀಗೇನೋ ತಲೆಯಲ್ಲಿ ಬಂದಿತ್ತು. ಜಾತಿ ಎಂದು ನಾನು ಅಂದುಕೊಳ್ಳಲೇ ಇಲ್ಲ. ಅವನ ಜಾತಿ ಯಾವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮರುದಿನ ನಮಗೆ ಹತ್ತೇ ಜನ ಬಂದಿದ್ದರು. ಹತ್ತೇ ಜನ ಆಡಿ ಸೋತೆವು. ಅವನು ಬೌಂಡರಿಯ ಹೊರಗೆ ಕೂತು ಚೆಂಡು ಎತ್ತಿ ಎತ್ತಿ ಕೊಡುತ್ತಿದ್ದ. ಮತ್ತೆಂದೂ ಕೇಳಲಿಲ್ಲ.

ನೂರು ವರ್ಷದ ಹಿಂದಿನ ಜಿಮಖಾನಾದವರನ್ನು ಬೈಯುವುದು ಸುಲಭ. ನಾನೂ ಬೈಯುತ್ತ ಓದುತ್ತಿದ್ದೆ, ರೋಲರ್ ಎಳೆಯುವ ಹುಡುಗನ ಪುಟ ಬರುವ ತನಕ.

ಈಗ ಯಾರಾದರೂ ನಮ್ಮೂರಿನವರ ಪಟ್ಟಿ ಕೇಳಿದರೆ ಬಾಲೂ ಹೆಸರನ್ನು ಮೊದಲೇ ಹೇಳುತ್ತೇನೆ. ನೀವೂ ಮುಂದಿನ ಸಲ ಮಳೆಯಲ್ಲಿ ಕಾಂಗಾ ಲೀಗ್ ನೋಡಲು ಹೋದರೆ ಆಟಗಾರರನ್ನಷ್ಟೇ ಅಲ್ಲ, ಪಿಚ್ಚಿನ ಮೇಲೆ ತಾಡಪತ್ರಿ ಎಳೆಯುವ ಹುಡುಗರನ್ನೂ ಸ್ವಲ್ಪ ನೋಡಿ. ಯಾರಾದರೂ ‘ಆಡಲಾ?’ ಎಂದು ಕೇಳಿದರೆ ‘ನೋಡೋಣ’ ಅನ್ನಬೇಡಿ. ಆ ಮಾತು ಬಹಳ ವರ್ಷ ಕಾಡುತ್ತದೆ.